ಅಯ್ಯಮ್ಮನ ಹರಕೆ

ಹಲಸೂರಿನ ಥೆರಪಿ ಕೇಂದ್ರದಲ್ಲಿ ರಾಜಿಗೆ ಸಿಕ್ಕಿದ್ದು ಒಂದು ವರ್ಷದ ಉಚಿತ ಸೀಟು. ಅದು ಇವತ್ತಿಗೆ ಮುಗಿಯುತ್ತಿತ್ತು. ಐದು ತುಂಬಿದ ಹುಡುಗಿ ಮಣಿ ಪೋಣಿಸುವುದು ಕಲಿತಿದ್ದಳು, ಫ್ರಾಕಿನ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದಳು. ಬಾಯಿಂದ ಮಾತ್ರ ಒಂದಕ್ಷರ ಹೊರಟಿರಲಿಲ್ಲ. ಇವತ್ತೊಂದು ಶಬ್ದ ಬಂದರೂ ಸಾಕು, ಸೀಟನ್ನು ಇನ್ನಾರು ತಿಂಗಳು ಮುಂದುವರಿಸಿ ಎಂದು ಕೇಂದ್ರದವರನ್ನು ಕೇಳಿನೋಡುತ್ತೇನೆ ಎಂದಿದ್ದಳು ಥೆರಪಿಸ್ಟ್ ಮೆಹ್ವಿಶ್. ಆ ಒಂದು ಶಬ್ದಕ್ಕಾಗಿ ತಾಯಿ ಅಯ್ಯಮ್ಮ ಕೆ.ಆರ್. ಪುರದಿಂದ ಬಸ್ಸಿನುದ್ದಕ್ಕೂ ಊರದೇವಿ ದ್ಯಾಮವ್ವನನ್ನು ನೆನೆಯುತ್ತ ಬಂದಿದ್ದಳು.

ಯಾವತ್ತೂ ತಾಯಂದಿರು ಹೊರಗೆ ಬೆಂಚಿನ ಮೇಲೆ. ಇವತ್ತು ಮೆಹ್ವಿಶ್ ಒಳಗೆ ಕರೆದಳು. "ಮನೇಲಿ ಹೇಗೆ ಆಡಿಸ್ತೀರೋ ಹಾಗೇ ಆಡ್ಸಿ, ಅಯ್ಯಮ್ಮ. ನಾನು ನೋಡ್ತೀನಿ."

ಅಯ್ಯಮ್ಮ ಮಗಳಿಗೆ ಚೆಂಡು ತೋರಿಸಿದಳು. ಕೈಬೀಸಿ ಕರೆದಳು, ನಕ್ಕಳು. ತುಟಿ ಬಿಚ್ಚಲಿಲ್ಲ.

"ಮಾತಾಡ್ರೀ! ಚೆಂಡು ಕೊಡು ಅನ್ನಿ."

ಅಯ್ಯಮ್ಮ ಮೆಹ್ವಿಶ್ ಕೈ ಹಿಡಿದು ಬಾಗಿಲಾಚೆ ಎಳೆದುಕೊಂಡು ಹೋದಳು. "ಆಕಿ ಮುಂದ ಮಾತಾಡಂಗಿಲ್ರೀ ಮೇಡಂ. ಆಕಿ 'ಅವ್ವಾ' ಅನ್ನೋತನ ನಾನೂ ಬಾಯಿ ಬಿಡಂಗಿಲ್ಲ ಅಂತ ನಮ್ಮೂರ ದ್ಯಾಮವ್ವಗ ಹರಕಿ ಹೊತ್ತೀನಿ."

"ಯಾವಾಗಿಂದ?"

"ಇಲ್ಲಿ ಸೀಟು ಸಿಕ್ಕ ದಿನದಿಂದ್ರೀ."

ಅಯ್ಯೋ ಹುಚ್ಚು ಹೆಂಗಸೇ! ರಾಜಿ ಒಳಗೆ ಚಪ್ಪಲಿ ಹಾಕಿಕೊಳ್ಳುವಾಗ ವಾರವಾರವೂ ಮೆಹ್ವಿಶ್ ಹೊರಬಂದು "ಮನೇಲಿ ಅಭ್ಯಾಸ ಮಾಡಿಸ್ತಿದ್ದೀರಾ?" ಎಂದರೆ "ಹೂಂರೀ" ಎಂದಿದ್ದಳಲ್ಲ! ಸುಳ್ಳೇನಲ್ಲ ಅದು. ಮೇಡಂ ಕೊಟ್ಟ ಚಿತ್ರದ ಕಾರ್ಡುಗಳನ್ನು ದಿನಾ ಒಂದೊಂದೇ ತೋರಿಸಿದ್ದಳು, ಮೂಕಿಯಾಗಿ. ಮಾತು ಕಲಿಸುವುದು ಮೇಡಂ ಕೆಲಸ, ದೇವಿಯನ್ನು ಒಲಿಸುವುದು ತನ್ನ ಕೆಲಸ ಎಂದುಕೊಂಡಿದ್ದಳು. ಹರಕೆ ಕೆಟ್ಟೀತೆಂದು ಗಂಡ ಬಸು ಕೂಡ ಮನೆಯಲ್ಲಿ ರೊಟ್ಟಿಯನ್ನು ಕೈಸನ್ನೆಯಲ್ಲೇ ಕೇಳುತ್ತಿದ್ದ. ಆ ಬಾಡಿಗೆ ಕೋಣೆಯಲ್ಲಿ ಒಂದಿಡೀ ವರ್ಷ ಆ ಕೂಸಿನ ಕಿವಿಗೆ ಏನು ಬಿದ್ದಿರಬೇಕು?

ಮೆಹ್ವಿಶ್ ಗೋಡೆಗೆ ಒರಗಿದಳು. "ರಾಜಿಗೆ ಮಾತು ಬರದೇ ಇರೋದು ನಿಮ್ಮಿಂದ ಅಲ್ಲ, ಅಯ್ಯಮ್ಮ. ಆದ್ರೆ ನಾನು ಅವಳಿಗೆ ಸಿಗೋದು ವಾರಕ್ಕೆ ಎರಡು ಗಂಟೆ. ಮಿಕ್ಕಿದ್ದೆಲ್ಲ ನಿಮ್ಮ ಬಾಯಿಂದಾನೇ ಕೇಳ್ಬೇಕಿತ್ತು ಅವಳು."

ದ್ಯಾಮವ್ವ ಮುನಿದರೆ ಮುನಿಯಲಿ ಎಂದು ಅಯ್ಯಮ್ಮ ಒಳಗೆ ಓಡಿ ಮಗಳ ಮುಂದೆ ಕುಕ್ಕರಿಸಿದಳು. "ರಾಜೀ, ನನ್ನ ಬಂಗಾರಾ, ಇಲ್ನೋಡು. ಅವ್ವಾ ಅನ್ನು. ಒಂದ್ ಸಲ ಅನ್ನಲೇ ನನ್ನವ್ವಾ!"

ರಾಜಿ ಬೆಚ್ಚಿಬಿದ್ದಳು. ಅಲುಗಾಡುತ್ತಿದ್ದ ಆ ತುಟಿಗಳನ್ನೇ ನೋಡಿದಳು. ಮುಖ ಅಳುವಿಗೆ ತಿರುಗಿತು. ಹತ್ತಿರ ಬಂದು ಅಂಗೈಯನ್ನು ಅವ್ವನ ಬಾಯಿಗೆ ಗಟ್ಟಿಯಾಗಿ ಒತ್ತಿ ಹಿಡಿದಳು. ಅಯ್ಯಮ್ಮ ಕೈ ಸರಿಸಿ ಮತ್ತೆ ಕರೆದಳು. ರಾಜಿ ಎರಡೂ ಕೈಯಿಂದ ಮುಚ್ಚಿದಳು.

ಆ ಒಂದು ಶಬ್ದಕ್ಕಾಗಿ ಮೆಹ್ವಿಶ್ ಅರ್ಧ ಗಂಟೆ ಹೆಚ್ಚೇ ಕಾದಳು. ಆಮೇಲೆ ಬಾಗಿಲು ತೆರೆದು ಮುಂದಿನ ಮಗುವನ್ನು ಕರೆದಳು.