ನಾಲ್ಕನೆಯ ಬಸ್ಸು

"ಮತ್ತ ಅದ ಫೋಟೋ ನೋಡಾಕತ್ತಿಯೇನವ್ವಾ?" ಊಟದ ಮೇಜಿನ ಇನ್ನೊಂದು ತುದಿಯಿಂದ ಮುರುಗೆಪ್ಪ ಮಗಳನ್ನು ಕೇಳಿದರು. "ರವಿವಾರಾನೂ ಬಿಡಂಗಿಲ್ಲಲ್ಲ."

ರೇಣು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. ಉಪಗ್ರಹದ ಚಿತ್ರಗಳನ್ನು ನೋಡಿ ವರದಿ ಬರೆದುಕೊಡುವ ಪುಣೆಯ ಸಣ್ಣ ಕಂಪನಿಯೊಂದಕ್ಕೆ ಸೇರಿ ಆರು ವರ್ಷವಾಗಿತ್ತು. ಆರು ವರ್ಷವೂ ಅವಳು ನೋಡಿದ್ದು ಒಂದೇ ಜಾಗ: ಹೊರಗಿನವರನ್ನು ಒಳಗೆ ಬಿಡದ, ಒಳಗಿನ ಸುದ್ದಿಯನ್ನು ಹೊರಗೆ ಬಿಡದ ಒಂದು ದೇಶದ ಕಡಲತೀರ. ಅಲ್ಲಿ ರಾಕೆಟ್ಟಿನ ಎಂಜಿನ್ ಉರಿಸಿ ಪರೀಕ್ಷಿಸಿದಾಗಲೆಲ್ಲ ಎದುರಿನ ಗುಡ್ಡದ ಮೇಲೆ ಕಪ್ಪು ಕಲೆ ಬೀಳುತ್ತಿತ್ತು. ಆ ಕಲೆಯನ್ನು ಅಳೆದು, ಎಂಜಿನ್ ಎಷ್ಟು ಹೊತ್ತು ಉರಿದಿರಬಹುದೆಂದು ಅವಳು ಹೇಳುತ್ತಿದ್ದಳು.

ಹಿಂದಿನ ತಿಂಗಳ ಕಲೆ ಗಿಡ್ಡವಾಗಿತ್ತು. ಎಂಜಿನ್ ಅರ್ಧಕ್ಕೇ ನಿಂತಿದೆ, ಇನ್ನೊಮ್ಮೆ ಪರೀಕ್ಷಿಸದೆ ರಾಕೆಟ್ ಹಾರಿಸುವುದಿಲ್ಲ ಎಂದು ಬರೆದಿದ್ದಳು. ಆ ಪರೀಕ್ಷೆಯಾದ ಹನ್ನೊಂದನೆಯ ದಿನಕ್ಕೇ ಹಾರಿಸಲು ಹೋದರು. ರಾಕೆಟ್ ನೆಲ ಬಿಡುವ ಮೊದಲೇ ಸಿಡಿಯಿತು. ಆ ದೇಶ ಒಂದು ಮಾತೂ ಆಡಲಿಲ್ಲ. ವರದಿ ತರಿಸಿಕೊಳ್ಳುವವರು ಮಾತ್ರ ಎಂಜಿನ್ನಿಗೆ ಏನಾಯಿತು, ನಿಮ್ಮ ಅಂದಾಜು ಯಾಕೆ ತಪ್ಪಿತು ಎಂದು ಕೇಳಿದ್ದರು.

ಮುರುಗೆಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಇದೇನ್ ಬಿಳೀದು?"

"ಬಸ್ಸಪ್ಪಾ. ಕೆಲಸದ ಮಂದೀನ ಮುಂಜಾನೆ ತರತಾವ, ಸಂಜೀಕ ಒಯ್ತಾವ. ಸಿಡಿದ ದಿನ ಈ ಶೆಡ್ಡಿನ ಹಿಂದ ನಾಕು ಇದ್ದವು. ಮೂರು ಹೋದವು. ಇದೊಂದು ಎಂಟು ದಿನದಿಂದ ಅಲ್ಲೇ ಅದ."

ರಾಕೆಟ್ ಹಾರಿಸುವ ಕಟ್ಟೆಯ ಪಕ್ಕದ ಆ ಶೆಡ್ಡಿಗೆ ಈಗ ಛಾವಣಿ ಇರಲಿಲ್ಲ. ಮುರುಗೆಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಪುಣೆಯ ಹತ್ತಿರದ ಭೋಸರಿಯಲ್ಲಿ ಗ್ಯಾಸ್ ಟ್ಯಾಂಕ್ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡರ್ ಆಗಿದ್ದವರು ಅವರು.

"ನಮ್ಮಲ್ಲಿ ಟ್ಯಾಂಕ್ ಒಡೀತಲ್ಲ, ನೀ ಆಗ ಐದನೇ ಕ್ಲಾಸಿನ್ಯಾಗ ಇದ್ದಿ. ಎಲ್ಲಾ ಆರಿದ ಮ್ಯಾಲೆ ನೋಡಿದ್ರ ಗೇಟಿನಾಗ ಮೂರು ಸ್ಕೂಟರ್ ಹಂಗ ನಿಂತಿದ್ವು. ಒಬ್ಬರೂ ಮುಟ್ಟಲಿಲ್ಲ. ವಾರ ಬಿಟ್ಟು ವಾಚ್‌ಮನ್ ನೂಕ್ಕೊಂಡು ಹೋಗಿ ನೆರಳಿಗೆ ನಿಲ್ಲಿಸಿದ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಹಿಂದಿನ ದಿನ ಸಾಹೇಬ್ರಿಗೆ ಹೇಳಿದ್ದೆ, ವೆಲ್ಡ್ ಕಚ್ಚಾ ಅದ ಅಂತ. ನಾಳೆ ನೋಡೂಣು ಅಂದ್ರು. ನಾನೂ ಸುಮ್ಮನಾದೆ."

ಈ ಮಾತನ್ನು ಅವರು ಮನೆಯಲ್ಲಿ ಯಾವತ್ತೂ ಆಡಿರಲಿಲ್ಲ. ಅಪ್ಪ ಎದ್ದು ಬಾಲ್ಕನಿಗೆ ಹೋದ ಮೇಲೆ ರೇಣು ವರದಿಯ ಕೊನೆಯ ಪುಟ ಬರೆದಳು: ತಪ್ಪಿದ್ದು ಎಂಜಿನ್ನಿನ ಲೆಕ್ಕವಲ್ಲ. ಎಂಜಿನ್ ಬಲ್ಲವರು ಬೇಡ ಎಂದರೆ ಅಲ್ಲಿ ಯಾರಾದರೂ ಕೇಳುತ್ತಾರೆ ಎಂದು ನಾವು ನಂಬಿದ್ದು ತಪ್ಪು. ಅದರ ಕೆಳಗೆ ಇನ್ನೊಂದು ಸಾಲು: ಶೆಡ್ಡಿನಲ್ಲಿ ಜನರಿದ್ದರು, ಒಂದು ಬಸ್ಸಿನಷ್ಟು ಮಂದಿ ಮನೆಗೆ ಮರಳಿದಂತೆ ಕಾಣುವುದಿಲ್ಲ.

ಅರ್ಧ ಗಂಟೆಯಲ್ಲಿ ಕಂಪನಿಯ ಮುಖ್ಯಸ್ಥ ಸ್ವಪ್ನಿಲ್ ಫೋನ್ ಮಾಡಿದ.

"ಮೇಡಂ, ಎಂಜಿನ್ ಭಾಗ ಏಕ್‌ದಮ್ ಛಲೋ ಆಗೇದ. ಆ ಬಸ್ಸಿನ ಸಾಲೊಂದು ತೆಗೀರಿ."

"ಯಾಕ್ರಿ?"

"ಅವರು ಮಂದಿ ಬಗ್ಗೆ ಕೇಳಿಲ್ರಿ. ಪುರಾವೆನೂ ಇಲ್ಲ. ಬಸ್ ಕೆಟ್ಟು ನಿಂತಿರಬಹುದು."

"ನಿಂತಿರಬಹುದು ಅಂತನೂ ಬರೀರಿ. ಸಾಲು ಮಾತ್ರ ಇರಲಿ."

"ಆಗಂಗಿಲ್ರಿ."

"ಹಂಗಾರ ನನ್ನ ಹೆಸರು ತೆಗೀರಿ."

"ಬರೇ ಒಂದು ಸಾಲಿಗೆ?"

"ಹೌದ್ರಿ," ಎಂದಳು.

ಸಂಜೆ ವರದಿಯ ಪ್ರತಿ ಬಂತು. ಬಸ್ಸಿನ ಸಾಲು ಇರಲಿಲ್ಲ, ಅವಳ ಹೆಸರೂ ಇರಲಿಲ್ಲ. ವಿಷಯ ಕೇಳಿದ ಮುರುಗೆಪ್ಪ ತಾಟು ತಂದಿಟ್ಟು, "ಏಳು, ಉಣ್ಣು," ಎಂದರು.

ಮರುದಿನ ಆಫೀಸಿನಲ್ಲಿ ಹೊಸ ಚಿತ್ರ ತೆರೆದಳು. ಚಿತ್ರ ತೆಗೆದ ಹೊತ್ತಿಗೆ ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಸುಟ್ಟ ಕಟ್ಟೆಯ ಅರ್ಧಭಾಗಕ್ಕೆ ಆಗಲೇ ಹೊಸ ಕಾಂಕ್ರೀಟು ಬಿದ್ದಿತ್ತು, ಇನ್ನೂ ಹಸಿ. ಅದರ ಅಂಚಿನಲ್ಲಿ ಸಣ್ಣ ಚುಕ್ಕೆಗಳು, ಕೆಲಸದ ಮಂದಿ. ಒಂದೊಂದಕ್ಕೂ ಉದ್ದನೆಯ ತೆಳು ನೆರಳು. ಅಳತೆಯ ಗೆರೆ ಎಳೆಯಲು ಹೋದವಳು ಕೈ ಹಿಂದಕ್ಕೆ ತೆಗೆದಳು. ನೆರಳುಗಳೆಲ್ಲ ನೆಟ್ಟಗಿದ್ದವು, ಒಂದು ಮಾತ್ರ ನೆಲದಿಂದ ಏನನ್ನೋ ಎತ್ತಿಕೊಳ್ಳುವಂತೆ ಬಾಗಿತ್ತು.