ಕೈ ಒಬ್ಬರದು, ಬಾಯಿ ಒಬ್ಬರದು

ಮೈಸೂರು ರಾಜ್ಯ ಒಂದಾದ ಮರುವರ್ಷದ ಮಾತು. ದಾವಣಗೆರೆಯಲ್ಲಿ ಗಿರಣಿ ಕೂಗಿದರೆ ನಮ್ಮ ಕೇರಿ ಏಳುತ್ತಿತ್ತು, ಗಿರಣಿ ಕೂಗಿದರೆ ಉಣ್ಣುತ್ತಿತ್ತು. ನನ್ನ ಮನೆಯ ಗೋಡೆಗೆ ಹತ್ತಿಕೊಂಡೇ ಇನ್ನಾಸಪ್ಪನ ಮನೆ. ಅವನು ಹತ್ತಿ ಗಿರಣಿಯಲ್ಲಿ ಫಿಟ್ಟರ್, ನಾನು ಮುನಿಸಿಪಾಲಿಟಿ ಶಾಲೆಯಲ್ಲಿ ಪಾಠ ಹೇಳುವವಳು. ಮರುಳಸಿದ್ದಮ್ಮ ಎಂದು ಅಪ್ಪ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಕೇರಿಗೆಲ್ಲ ನಾನು ಅಕ್ಕೋರು. ನಾಲಗೆ ಉದ್ದ ಎಂಬ ಹೆಸರೂ ಇತ್ತು. ಇದ್ದರೆ ಇರಲಿ.

ಇನ್ನಾಸಪ್ಪನವರು ಹರಿಹರದ ಕಡೆಯ ಕ್ರೈಸ್ತರು. ಮನೆಯಲ್ಲಿ ಅವನು, ಹೆಂಡತಿ ಲೂರ್ದಮ್ಮ, ತಾಯಿ ಚೌರಮ್ಮ. ಚೌರಮ್ಮ ಜಪಮಾಲೆ ಕೆಳಗಿಟ್ಟು ನೀರು ಕುಡಿದಿದ್ದನ್ನು ನಾನು ಕಂಡಿಲ್ಲ. ಆದರೆ ಕೆಟ್ಟ ಹೆಂಗಸಲ್ಲ. ನನಗೆ ವಿಷಮಜ್ವರ ಬಂದಾಗ ನಮ್ಮ ಪೈಕಿಯ ಒಬ್ಬರೂ ಹೊಸ್ತಿಲು ತುಳಿಯಲಿಲ್ಲ. ಗಂಜಿ ಕಾಯಿಸಿ ಕುಡಿಸಿ, ಹಾಸಿಗೆ ಒಗೆದವಳು ಇವಳೇ. ಯಾಕೆ ಇಷ್ಟೆಲ್ಲ ಮಾಡ್ತೀಯ ಅಂದರೆ, "ನಮ್ಮ ಸ್ವಾಮಿ ಹೇಳ್ಯಾನೆ, ಮಾಡ್ತೀನಿ" ಅನ್ನುತ್ತಿದ್ದಳು. ಆ ಮಾತು ಕೇಳಿ ಆಗ ನನಗೆ ಅವಳ ಸ್ವಾಮಿಯ ಮೇಲೆ ಪ್ರೀತಿಯೇ ಬಂದಿತ್ತು.

ಲೂರ್ದಮ್ಮನಿಗೆ ಎರಡು ಕೂಸು ಹೊಟ್ಟೆಯಲ್ಲೇ ಸತ್ತು ಹುಟ್ಟಿದ್ದವು. ಜ್ಞಾನಸ್ನಾನ ಆಗದ, ಎಂದರೆ ದೇವರ ಹೆಸರು ಹೇಳಿ ತಲೆಗೆ ನೀರು ಹಾಕದ ಕೂಸನ್ನು ಅವರ ಸಮಾಧಿ ತೋಟದ ಒಳಗೆ ಹೂಳುವಂತಿಲ್ಲ. ಅದು ಆಶೀರ್ವಾದವಾದ ನೆಲ. ಎರಡನ್ನೂ ಹರಿಹರದ ಚರ್ಚಿನ ಗೋಡೆಯ ಆಚೆ, ಕತ್ತಾಳೆ ಬೇಲಿಯ ಹತ್ತಿರ ಹೂತಿದ್ದರು. ಒಳಗೆ ಇನ್ನಾಸಪ್ಪನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಸಾಲಾಗಿ ಮಲಗಿದ್ದರು. "ಅಕ್ಕೋರೆ, ಸತ್ತರೆ ನಾನು ಒಳಗೆ ಹೋಗ್ತೀನಿ, ನನ್ನ ಮಕ್ಕಳು ಹೊರಗೆ ಇರ್ತಾವೆ. ಮ್ಯಾಲೆ ಹೋದ ಮ್ಯಾಲೂ ಸಿಗಾಕಿಲ್ಲಂತೆ" ಎಂದು ಲೂರ್ದಮ್ಮ ಹೇಳುವಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಈಗ ಹೊಟ್ಟೆಯಲ್ಲಿದ್ದ ಮೂರನೆಯದು ಬದುಕಲಿ ಎಂದು ಕೂಡ ಅವಳು ಗಟ್ಟಿಯಾಗಿ ಬೇಡಿಕೊಳ್ಳುತ್ತಿರಲಿಲ್ಲ. ಒಂದು ಉಸಿರಾಡಲಿ, ತಲೆಗೆ ನೀರು ಬೀಳುವವರೆಗಾದರೂ ಇರಲಿ ಅನ್ನುತ್ತಿದ್ದಳು.

ಆ ನೀರು ಹಾಕುವುದಕ್ಕೆ ಫಾದರ್ ಸ್ವಾಮಿಯೇ ಬೇಕೆಂದಿಲ್ಲ ಎಂದು ನನಗೆ ಗೊತ್ತಾಗಿದ್ದೂ ಅವಳಿಂದಲೇ. ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಹಾಕಬಹುದಂತೆ. ಹಿಂದೂ, ಸಾಬರು, ಯಾರೇ ಆಗಲಿ. ಕೇಳಿ ಬೆರಗಾಗಿದ್ದೆ. ನಮ್ಮ ಮಠದಲ್ಲಾಗಲಿ ಗುಡಿಯಲ್ಲಾಗಲಿ ಹೊರಗಿನವರ ಕೈಗೆ ಇಷ್ಟು ದೊಡ್ಡ ಕೆಲಸ ಬಿಟ್ಟುಕೊಡುವ ಮಾತು ನಾನು ಕೇಳಿರಲಿಲ್ಲ.

ಹೆರಿಗೆ ಮಾಡಿಸಲು ಬಂದವಳು ಖತೀಜಾಬೀ. ಕೇರಿಯ ಅರ್ಧ ಮಕ್ಕಳು ಅವಳ ಕೈಗೇ ಬಿದ್ದವು. ಗಂಡ ಮೌಲಾ ಸಾಬ್ ಜಟಕಾ ಹೊಡೆಯುತ್ತಿದ್ದ. ಅಂದು ಬೆಳಿಗ್ಗೆ ಇನ್ನಾಸಪ್ಪ ಗಿರಣಿಗೆ ಹೋಗಿದ್ದ. ಚೌರಮ್ಮ ಅಳುತ್ತಾ ಸೊಸೆಯನ್ನು ಇನ್ನಷ್ಟು ಹೆದರಿಸುತ್ತಿದ್ದಳೆಂದು ಖತೀಜಾಬೀ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ನಾನು ಪಡಸಾಲೆಯ ಮೂಲೆಯಲ್ಲಿ ನೀರು ಕಾಯಿಸುತ್ತಿದ್ದೆ. ಚೌರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಜಪಮಾಲೆ ತಿರುಗಿಸುತ್ತಾ ಕೂತಳು.

ಕೂಸು ಅತ್ತಿತು. ಒಂದೇ ಸಲ, ಬಹಳ ಸಣ್ಣಗೆ. ಆಮೇಲೆ ಖತೀಜಾಬೀಯ ದನಿ ಬದಲಾಯಿತು. "ಉಳಿಯಂಗಿಲ್ಲವ್ವ ಇದು" ಅಂದಳು. ಲೂರ್ದಮ್ಮ ಕೂಗಿದಳು, "ನೀರು ಹಾಕು, ಖತೀಜಾಬೀ! ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಅನ್ನು!"

"ಆ ಮಾತು ನನ್ನ ಬಾಯಾಗೆ ಬರಂಗಿಲ್ಲವ್ವ. ಅಲ್ಲಾಗೆ ಮಗ ಇಲ್ಲ. ನೀರು ನಾನು ಹಾಕ್ತೀನಿ, ಮಾತು ನೀನು ಹೇಳು. ಜಲ್ದಿ ಹೇಳು."

ಲೂರ್ದಮ್ಮನಿಗೆ ಕೈ ಎತ್ತುವ ತ್ರಾಣ ಇರಲಿಲ್ಲ, ರಕ್ತ ಹೋಗುತ್ತಿತ್ತು. ಮಲಗಿದಲ್ಲಿಂದಲೇ ಕೂಸಿಗೆ ಹೆಸರಿಟ್ಟು, "ರಾಯಪ್ಪಾ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದು ಪೂರ್ತಿ ಹೇಳಿದಳು. ನೀರು ಸುರಿದ ಸದ್ದು ಬಾಗಿಲಾಚೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೂಸು ಹೋಯಿತು.

ನಿಮಗೆ ವಿಚಿತ್ರ ಅನಿಸಬಹುದು, ನಾವು ಒಳಗೆ ಹೋದಾಗ ಲೂರ್ದಮ್ಮ ನಗುತ್ತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು, ಆದರೂ ನಗುತ್ತಿದ್ದಳು. "ಇವನು ಒಳಗೆ ಹೋಗ್ತಾನೆ, ಅಕ್ಕೋರೆ. ಅಜ್ಜನ ಮಗ್ಗುಲಾಗೆ ಮಲಗ್ತಾನೆ."

ಗಿರಣಿಯಿಂದ ಓಡಿ ಬಂದ ಇನ್ನಾಸಪ್ಪನಿಗೆ ನಡೆದದ್ದನ್ನು ಹೇಳಿದೆವು. ಕೇಳುತ್ತಾ ಕೇಳುತ್ತಾ ಅವನು ಗೋಡೆ ಹಿಡಿದು ಕೂತುಬಿಟ್ಟ. ಅವನು ಹುಡುಗನಾಗಿದ್ದಾಗ ಚರ್ಚಿನ ಉಪದೇಶಿಯ ಹತ್ತಿರ ಧರ್ಮದ ಪಾಠ ಕಲಿತವನು. "ನಡೆಯಂಗಿಲ್ಲ. ನೀರು ಹಾಕೋ ಕೈ, ಮಾತು ಹೇಳೋ ಬಾಯಿ ಒಬ್ಬರದೇ ಆಗಬೇಕು. ಕೈ ಒಬ್ಬರದು, ಬಾಯಿ ಒಬ್ಬರದು ಆದ್ರೆ ಅದು ಜ್ಞಾನಸ್ನಾನ ಅಲ್ಲ."

ನನಗೆ ಮೈ ಉರಿದುಹೋಯಿತು. "ಯಾವ ದೇವ್ರಪ್ಪಾ ನಿಮ್ಮೋನು? ತಾಯಿ ಹೇಳ್ಯಾಳೆ, ಸೂಲಗಿತ್ತಿ ಹಾಕ್ಯಾಳೆ. ಕೂಸು ತೊಯ್ದೈತೋ ಇಲ್ಲೋ?" ಅಂದೆ.

ಲೂರ್ದಮ್ಮ ಖತೀಜಾಬೀಯ ಕೈ ಹಿಡಿದುಕೊಂಡಳು. "ನೀನೇ ಹೇಳ್ದೆ ಅಂತ ಹೇಳು. ಫಾದರ್ ಸ್ವಾಮಿ ಕೇಳ್ತಾರೆ. ನೀರು, ಮಾತು ಎರಡೂ ನೀನೇ ಮಾಡ್ದೆ ಅಂತ ಹೇಳು. ನಿನ್ನ ಕಾಲಿಗೆ ಬೀಳ್ತೀನಿ." ಖತೀಜಾಬೀ ಕೂಸಿಗೆ ಬಿಳಿ ಅರಿವೆ ಸುತ್ತಿ ಮುಗಿಸಿದಳು. ಆಮೇಲೆ, "ಇನ್ನೊಂದು ಸಲ ಹೇಳವ್ವ ಆ ಮಾತು, ಮರೀದಂಗೆ ಕಲೀತೀನಿ" ಅಂದಳು.

ಚೌರಮ್ಮನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮನೆಯ ಹಿರಿಯಳು, ಮೊಮ್ಮಗನಿಗಾಗಿ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದುಕೊಂಡೆವು. ಅಲ್ಲೇ ನಾವು ಎಡವಿದ್ದು.

ಮೌಲಾ ಸಾಬ್ ಜಟಕಾ ಕಟ್ಟಿದ. ರಕ್ತ ಹೋಗುವುದು ನಿಂತ ಮೇಲೆ ಲೂರ್ದಮ್ಮನ ಹತ್ತಿರ ಪಕ್ಕದ ಮನೆಯ ತಿಮ್ಮವ್ವನನ್ನು ಕೂರಿಸಿ, ಚೌರಮ್ಮನೂ ಸೇರಿ ನಾವೆಲ್ಲ ಹರಿಹರಕ್ಕೆ ಹೊರಟೆವು. ಕೂಸು ಇನ್ನಾಸಪ್ಪನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಖತೀಜಾಬೀಯ ತುಟಿ ಅಲುಗುತ್ತಿತ್ತು. ಅವಳು ಆ ಮಾತನ್ನು ಕಲಿಯುತ್ತಿದ್ದಳೋ, ತನ್ನ ದೇವರ ಹತ್ತಿರ ಮಾಫಿ ಕೇಳುತ್ತಿದ್ದಳೋ, ನನಗೆ ತಿಳಿಯಲಿಲ್ಲ.

ಅದು ಊರಾಚೆಯ ಸಣ್ಣ ಚರ್ಚು. ಫಾದರ್ ವಯಸ್ಸಾದವರು, ಒಳ್ಳೆಯವರು. ಬಡವರಿಗೆಂದು ಹಾಲಿನ ಪುಡಿ ಬಂದಾಗ ಜಾತಿ ಕೇಳದೆ ಹಂಚುತ್ತಿದ್ದರು. ಕೂಸಿನ ಹಣೆ ಮುಟ್ಟಿ ಕಣ್ಣು ಒರೆಸಿಕೊಂಡರು. ಆಮೇಲೆ ಜ್ಞಾನಸ್ನಾನ ಯಾರು ಕೊಟ್ಟರು ಎಂದು ಕೇಳಿದರು.

"ನಾನು" ಅಂದಳು ಖತೀಜಾಬೀ.

"ಒಳ್ಳೇದಾಯ್ತಮ್ಮ. ನೀವು ಕೊಟ್ಟದ್ದೂ ನಾನು ಕೊಟ್ಟದ್ದಕ್ಕೆ ಸಮ. ಏನು ಹೇಳಿದ್ರಿ, ಒಂದು ಸಲ ಹೇಳ್ರಿ ನೋಡೋಣ."

ಚರ್ಚಿನ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಬುಡದಲ್ಲಿ ಮೌಲಾ ಸಾಬ್ ಕುದುರೆಯ ಲಗಾಮು ಹಿಡಿದು ನಿಂತಿದ್ದ. ಖತೀಜಾಬೀ ಒಂದು ಸಲ ಅವನ ಕಡೆ ನೋಡಿದಳು. ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ, ಪಿತ, ಸುತ, ಪವಿತ್ರಾತ್ಮರ ಹೆಸರು ಒಂದೂ ತಪ್ಪದಂತೆ ಹೇಳಿದಳು. ಮೌಲಾ ಸಾಬ್ ತಲೆ ತಗ್ಗಿಸಿದ. ಅಷ್ಟು ದೊಡ್ಡ ಪ್ರೀತಿಯನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ, ಅದೂ ಒಂದು ಸುಳ್ಳಿನಲ್ಲಿ.

ಫಾದರ್ ನನ್ನ ಕಡೆ ತಿರುಗಿದರು. ನಾನು ಹಿಂದೆ ಮುಂದೆ ನೋಡದೆ, "ಹೌದ್ರಿ, ಈಕಿ ದನೀನೇ ನಾನು ಕೇಳಿದ್ದು" ಅಂದೆ. ಅವರು ಸಮಾಧಾನದಿಂದ ತಲೆಯಾಡಿಸಿ, ಒಳಗೆ ಗುಂಡಿ ತೆಗೆಯಲು ಹೇಳಿ ಎಂದು ಇನ್ನಾಸಪ್ಪನಿಗೆ ಸನ್ನೆ ಮಾಡಿದರು.

ಆಗ ಚೌರಮ್ಮ ಮೊಣಕಾಲೂರಿ ಕೂತಳು. "ಸ್ವಾಮೀ, ಸುಳ್ಳು. ನಾನು ಬಾಗಿಲಿಗೇ ಒರಗಿ ಕೂತಿದ್ದೆ. ಮಾತು ಹೇಳಿದ್ದು ನನ್ನ ಸೊಸಿ. ಈಕಿ ಬರೇ ನೀರು ಹಾಕಿದ್ದು."

"ಅವ್ವಾ!" ಅಂದ ಇನ್ನಾಸಪ್ಪ.

"ದೇವರ ಮುಂದೆ ಹೆಂಗೆ ಸುಳ್ಳು ಹೇಳ್ಲೋ? ಸುಳ್ಳು ಹೇಳಿ ಒಳಗಿಟ್ರೆ ಆ ಕೂಸಿಗೆ ಒಳ್ಳೇದಾಗ್ತೈತೇನು? ನಾವೆಲ್ಲ ನರಕಕ್ಕೆ ಹೋಗ್ತೀವಿ." ಅವಳು ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದಳು. ಆ ಕೂಸಿನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಎಂದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಆದರೆ ಪ್ರೀತಿಗಿಂತ ಹೆದರಿಕೆ ದೊಡ್ಡದಾಗಿ ಬೆಳೆದಿತ್ತು. ಅದನ್ನು ಬೆಳೆಸಿದವರು ಯಾರು ಎಂದು ನಾನು ಫಾದರ್ ಮುಖವನ್ನೇ ನೋಡಿದೆ.

"ನಾನು ಏನು ಮಾಡ್ಲಮ್ಮ? ನಿಯಮ ನನ್ನದಲ್ಲ" ಅಂದರು ಅವರು. ಸಾಬರ ಕೈಯಿಂದಲೂ ಸ್ವರ್ಗದ ಬಾಗಿಲು ತೆರೆಯಬಹುದು ಎನ್ನುವಷ್ಟು ದೊಡ್ಡ ಮನಸ್ಸಿನ ನಿಯಮ ಅದು. ಅದೇ ನಿಯಮ ಕೈ ಯಾರದು, ಬಾಯಿ ಯಾರದು ಎಂದು ತಕರಾರು ತೆಗೆದು ಕೂಸನ್ನು ಆಚೆ ತಳ್ಳಿತು.

ಅದನ್ನೂ ಕತ್ತಾಳೆ ಬೇಲಿಯ ಹತ್ತಿರವೇ ಹೂತೆವು. ಫಾದರ್ ಕೊಡೆ ಹಿಡಿದು ಜೊತೆಗೇ ಬಂದು ನಿಂತರು. ಮಂತ್ರ ಹೇಳಲಿಲ್ಲ, ಹೇಳುವಂತಿರಲಿಲ್ಲ. ಇನ್ನಾಸಪ್ಪ ಅಲ್ಲಿಂದ ಏಳಲಿಲ್ಲ. ನೀವು ಹೋಗ್ರಿ, ನಾನು ಆಮೇಲೆ ಬರ್ತೀನಿ ಅಂದ. ಚರ್ಚಿನಲ್ಲಿ ಹೆಂಡತಿಯ ಬಾಯಿಂದ ಆ ಮಾತು ಕೇಳಿದ ಮೌಲಾ ಸಾಬ್ ವಾಪಸ್ ದಾರಿಯಲ್ಲಿ ಅವಳ ಕಡೆ ತಿರುಗಲೇ ಇಲ್ಲ.

ಮನೆಗೆ ಬಂದಾಗ ಲೂರ್ದಮ್ಮ ಗೋಡೆಗೆ ಒರಗಿ ಕಾಯುತ್ತಿದ್ದಳು. "ಒಳಗೆ ಇಟ್ರಾ?"

ಖತೀಜಾಬೀ, "ಹೊರಗವ್ವ" ಅಂದಳು.

ಲೂರ್ದಮ್ಮ ಅವಳನ್ನೇ ನೋಡಿದಳು. "ಯಾಕ? ನೀನು ಹೇಳ್ಲಿಲ್ಲೇನು?"

ಖತೀಜಾಬೀ ಚೌರಮ್ಮನ ಕಡೆ ನೋಡಿದಳು. ಅತ್ತೆ ಸೊಸೆ ಇನ್ನು ಮೇಲೂ ಒಂದೇ ಒಲೆಯ ಮುಂದೆ ಬಾಳಬೇಕು ಎಂದು ಅವಳಿಗೆ ಅನಿಸಿರಬೇಕು. "ಇಲ್ಲವ್ವ. ನಾಲಿಗಿ ಏಳ್ಲಿಲ್ಲ" ಅಂದಳು.

ನನಗೆ ತಡೆಯಲಾಗಲಿಲ್ಲ. "ಸುಳ್ಳು ಲೂರ್ದಮ್ಮ! ಆಕಿ ಹೇಳಿದ್ಲು, ಪೂರ್ತಿ ಹೇಳಿದ್ಲು. ಗಂಡನ ಮುಂದೇನೇ ಹೇಳಿದ್ಲು. ನಿನ್ನ ಅತ್ತೀನೇ ಕೇಳು."

"ಹೌದೇನತ್ತಿ?" ಅಂದಳು ಲೂರ್ದಮ್ಮ.

ಚೌರಮ್ಮ ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಜಪಮಾಲೆಯ ಮಣಿಗಳು ಬೆರಳ ಸಂದಿಯಲ್ಲಿ ಸರಿಯುತ್ತಲೇ ಇದ್ದವು. "ಚರ್ಚಿನಾಗೆ ನಾನು ದೂರ ನಿಂತಿದ್ದೆ. ನನಗೇನೂ ಕೇಳಿಸ್ಲಿಲ್ಲ."

ಲೂರ್ದಮ್ಮ ಖತೀಜಾಬೀಗೆ ಹೇಳಿದಳು, "ಎರಡು ಮಾತು, ಬರೇ ಎರಡು ಮಾತು ಹೇಳೋಕೆ ನಿನಗೆ ಆಗ್ಲಿಲ್ಲ. ನಿಮ್ಮ ಜನಾನೇ ಅಷ್ಟು. ಹೋಗು. ಈ ಹೊಸ್ತಿಲು ಇನ್ನು ತುಳೀಬ್ಯಾಡ."

ನಾನು ಮತ್ತೆ ಬಾಯಿ ತೆರೆದೆ. ಖತೀಜಾಬೀ ನನ್ನ ರಟ್ಟೆ ಹಿಡಿದು ಸುಮ್ಮನಾಗಿಸಿದಳು. ಆಮೇಲಿನ ದಿನಗಳಲ್ಲಿ ನಾನು ಎಷ್ಟು ಸಲ ಹೇಳಿದರೂ ಲೂರ್ದಮ್ಮ ನಂಬಲಿಲ್ಲ. ಅವಳೇ ಒಪ್ಪಿಕೊಂಡಳಲ್ಲ, ಅನ್ನುತ್ತಿದ್ದಳು. ಹರಿಹರದಿಂದ ಬಂದ ಇನ್ನಾಸಪ್ಪ ಹೆತ್ತ ತಾಯಿಯ ಮೇಲೆ ಬಾಯಿ ಬಿಡಲಿಲ್ಲ.

ಅಂದು ಖತೀಜಾಬೀ ತನ್ನ ಗಂಟು ಎತ್ತಿಕೊಂಡು ಹೊರಗೆ ಬಂದಳು. ಬಾಗಿಲಲ್ಲಿ ಜಟಕಾ ಇರಲಿಲ್ಲ. ಮೌಲಾ ಸಾಬ್ ಅವಳನ್ನು ಬಿಟ್ಟು ಹೊರಟುಹೋಗಿದ್ದ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು, ಯಾವ ಕಡೆ ಹೋಗಬೇಕೆಂದು ತಿಳಿಯದವಳ ಹಾಗೆ ಬೀದಿಯ ಎರಡೂ ಕಡೆ ನೋಡಿದಳು.