ಕುವೈತಿನಿಂದ ಬಂದ ಅಮ್ಮ

ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ ಶ್ಯಾಮಲಾ, ನನ್ನ ಪಕ್ಕ ಖಾಲಿ ಇದ್ದರೂ, ಬಾಡಿಗೆ ಕಾರು ಹತ್ತಿದವಳ ಹಾಗೆ, ಮುಂದೆ ಬಾ ಮಗಳೇ ಅನ್ನಲು ನನಗೂ ಬಾಯಿ ಬರಲಿಲ್ಲ, ಬಂಗಾರಪೇಟೆಯ ರೈಲ್ವೆ ಗೇಟು ಹಾಕಿದೆ, ಮಾರಿಕುಪ್ಪಂ ಗಾಡಿ ಹೋಗುವವರೆಗೆ ಹೀಗೇ, ಎಂಜಿನ್ ಆರಿಸಿದರೆ ಇಬ್ಬರ ಉಸಿರೂ ಕೇಳಿಸುತ್ತದೆಂದು ಆರಿಸದೆ ಕೂತಿದ್ದೇನೆ — ಸ್ಕೂಲಿನ ಪೋಷಕರ ಸಭೆಗೆ ಅರ್ಧ ದಿನದ ರಜೆ, ನರಸಾಪುರದ ಫ್ಯಾಕ್ಟರಿಯಲ್ಲಿ ಅದನ್ನು ಕೇಳುವಾಗ ಏನೋ ತ್ಯಾಗ ಮಾಡುವವಳಂತೆ ಮುಖ ಮಾಡಿದ್ದೆ, ಹೋದ ವರ್ಷ ಇಪ್ಪತ್ತೆರಡು ದಿನದ ರಜೆಯನ್ನು ಕಂಪನಿಗೇ ಮಾರಿಕೊಂಡವಳು, ಆ ದುಡ್ಡಿನಲ್ಲಿ ಅಡುಗೆಮನೆಗೆ ಚಿಮಣಿ, ಹೊಸ ಕಪಾಟು, ಆ ಒಲೆಯನ್ನು ನಾನು ಹಚ್ಚಿದ್ದು ಎಷ್ಟು ಸಲ, ಹಚ್ಚುವವಳು ಮನೆಗೆಲಸದ ಮಾರಿಯಮ್ಮ, ಬೆಳಿಗ್ಗೆ ಆರಕ್ಕೆ ಚಾಂಪಿಯನ್ ರೀಫ್ಸಿನಿಂದ ಬಸ್ಸಿನಲ್ಲಿ ಬಂದು ಇವಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಸ್ಕೂಲಿಗೆ ಬಿಟ್ಟು, ಎಂಟು ವರ್ಷದಿಂದ, ನಾನು ಬರುವಾಗ ಮಗು ನಿದ್ದೆ, ಹೋಗುವಾಗಲೂ ನಿದ್ದೆ, ಸಂಬಳ ಏರಿದಂತೆಲ್ಲ ಏನೋ ಒಂದು ಬಂತು, ಈ ಕಾರು, ವೈಟ್‌ಫೀಲ್ಡಿನಲ್ಲಿ ಬೀಗ ಜಡಿದಿರುವ ಫ್ಲಾಟು, ಇನ್ನೆರಡು ವರ್ಷ ರೇಖಾ, ಆಮೇಲೆ ಆರಾಮು, ಹೊಸೂರಿನಿಂದ ಶನಿವಾರ ಬರುವ ಗಂಡ ಅದನ್ನು ಹೇಳಿದಾಗ ಇವಳಿನ್ನೂ ಎಲ್‌ಕೆಜಿ.

ಇವತ್ತು ಸಭೆಗೆ ಹೋದವಳು ಮೊದಲು ಆರನೇ ತರಗತಿ ಎ ವಿಭಾಗದ ಬಾಗಿಲಲ್ಲಿ ನಿಂತೆ, ಅಲ್ಲಿನ ಮೇಡಂ ಪಟ್ಟಿಯ ಮೇಲೆ ಬೆರಳಾಡಿಸಿ ಈ ಹೆಸರಿನ ಹುಡುಗಿ ಇಲ್ಲವಲ್ಲ ಅಂದರು, ಹಿಂದೆ ಸಾಲಿನಲ್ಲಿದ್ದ ತಾಯಂದಿರು ನನ್ನನ್ನೇ ನೋಡಿದರು, ಮೆಟ್ಟಿಲ ಕೆಳಗೆ ಹೋಗಿ ಮಾರಿಯಮ್ಮನಿಗೆ ಫೋನು ಮಾಡಿದೆ, ಬಿ ಕಣಮ್ಮಾ, ಜೂನಿಂದ್ಲೂ ಬಿನೇ, ಅಷ್ಟೇ ಅಂದಳು, ಬೈಯಲಿಲ್ಲ, ನಗಲಿಲ್ಲ — ನನ್ನಪ್ಪ ಕೋದಂಡಪ್ಪ ಗಣಿಯ ರಾತ್ರಿ ಪಾಳಿ ಮುಗಿಸಿ, ಕಿವಿಯ ಹಿಂದೆ ಧೂಳು ಇದ್ದಂತೆಯೇ ಆಂಡರ್ಸನ್‌ಪೇಟೆಯ ಶಾಲೆಯವರೆಗೆ ನಡೆದು ಬರುತ್ತಿದ್ದರು, ನನ್ನ ಹಾಜರಿ ನಂಬರು ಹದಿನೇಳು ಅಂತ ಅವರಿಗೆ ಬಾಯಿಪಾಠ — ಬಿ ವಿಭಾಗದ ಸುಮಲತ ಮಿಸ್ ಎದ್ದು ನಿಂತೇ ಮಾತಾಡಿಸಿದರು, ಓ, ಶ್ಯಾಮಲಾ ಅಮ್ಮನಾ, ಕುವೈತಿಂದ ಯಾವಾಗ ಬಂದ್ರಿ?

ಕುವೈತು. ಮಾರಿಯಮ್ಮನ ಮಗಳು ಇಂದ್ರಾಣಿ ಇರುವ ಊರು, ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಬರುತ್ತಾಳೆ, ಶ್ಯಾಮಲಾ ಆ ಊರನ್ನೇ ಎತ್ತಿಕೊಂಡು ನನಗೆ ಕೊಟ್ಟಿದ್ದಾಳೆ, ನಿಮ್ಮಮ್ಮ ಯಾಕೆ ಒಂದು ದಿನವೂ ಬರಲ್ಲ ಅಂತ ಯಾರೋ ಕೇಳಿರಬೇಕು, ಕುವೈತಿನಲ್ಲಿರುವವಳು ಬರಲಾಗದವಳು, ಮುಕ್ಕಾಲು ಗಂಟೆ ದಾರಿಯ ನರಸಾಪುರದಲ್ಲಿರುವವಳ ಬಗ್ಗೆ ಏನು ಹೇಳಬೇಕಿತ್ತು ಮಗು, ಬೆಂಚಿನ ತುದಿಯಲ್ಲಿ ತಲೆ ಬಗ್ಗಿಸಿ ಕೂತಿತ್ತು, ಕಿವಿ ಕೆಂಪಗೆ, ಇಲ್ಲ ಮಿಸ್, ನಾನಿರೋದು ಇಲ್ಲೇ ಅನ್ನಬಹುದಿತ್ತು, ನಿನ್ನೆ ಬಂದೆ ಅಂದೆ, ಅವಳನ್ನು ಕಾಪಾಡಲು ಅಂತ ಈಗ ಹೇಳಿಕೊಳ್ಳುತ್ತಿದ್ದೇನೆ, ಅಲ್ಲ, ನನಗೂ ಅದು ಮರ್ಯಾದೆ ಅನ್ನಿಸಿತು, ಮತ್ತೆ ಯಾವಾಗ ಹೊರಡ್ತೀರಿ ಅಂದರು, ಸೋಮವಾರ ಅಂದೆ, ಸುಳ್ಳಲ್ಲ, ಸೋಮವಾರ ಫ್ಯಾಕ್ಟರಿಯಲ್ಲಿ ಆಡಿಟ್ಟು, ಅಮ್ಮ ಹೋದ್ರೆ ಅಳಲ್ಲ ತಾನೆ ಅಂತ ಮಿಸ್ ಅವಳ ಕಡೆ ತಿರುಗಿದರು.

ಇಲ್ಲ ಮಿಸ್, ಅಭ್ಯಾಸ ಆಗೋಗೈತೆ.

ಆಮೇಲೆ ಅಂಕಪಟ್ಟಿಗೆ ಸಹಿ ಹಾಕಿ ಅಂದರು, ಪೋಷಕರು ಅನ್ನುವ ಸಾಲು, ಪೆನ್ನು ತೆಗೆದೆ, ನಾನು ಓದುವ ಮೊದಲೇ ಶ್ಯಾಮಲಾ ಕೈ ಚಾಚಿ ಮೇಲಿನ ಮೂರು ಸಾಲುಗಳನ್ನು ಮುಚ್ಚಿದಳು, ಆದರೂ ಬೆರಳ ಸಂದಿಯಲ್ಲಿ ಕಂಡಿತು, ಹಿಂದಿನ ಮೂರು ಪರೀಕ್ಷೆಗೂ ಮಾರಿಯಮ್ಮನ ಸಹಿ, ಸೊಟ್ಟ ತಮಿಳು ಅಕ್ಷರ, ನನಗೆ ನೋವಾಗಬಾರದೆಂದು ಮುಚ್ಚಿದಳೇ, ಮಿಸ್ ಮುಂದೆ ನಾನು ಬೆಚ್ಚಿ ಕುವೈತಿನ ಸುಳ್ಳು ಬಯಲಾಗಬಾರದೆಂದೇ — ರೈಲ್ವೆ ಗೇಟು ತೆರೆದಿದೆ, ಹಿಂದಿನವರು ಹಾರ್ನು ಹೊಡೆಯುತ್ತಿದ್ದಾರೆ, ಅಮ್ಮಾ, ಗಾಡಿ ತೆಗಿ ಅನ್ನುತ್ತಾಳೆ ಮೆಲ್ಲಗೆ, ಸೋಮವಾರ ನಾನು ಹೋಗಲ್ಲ ಅನ್ನಬೇಕು, ತುಟಿಗೆ ಬಂದಿದೆ, ಫ್ಲಾಟಿನ ಕಂತು, ಆಡಿಟ್ಟು, ಅಂದರೆ ನಂಬುತ್ತಾಳೆಯೇ, ಕಾಲು ಕ್ಲಚ್ಚಿನ ಮೇಲೇ ಇದೆ, ಎದುರಿನ ರಸ್ತೆ ಕಾಣುತ್ತಿಲ್ಲ, ಆ ಅಂಗೈ, ಕಾಗದದ ಮೇಲೆ ಬಿಗಿಯಾಗಿ ಒತ್ತಿದ್ದ, ಕಿರುಬೆರಳಿಗೆ ನೀಲಿ ಶಾಯಿ ಮೆತ್ತಿದ್ದ, ಅಂಗೈ —